ಮಾಸ್ಕೋದ ‘ಅ’, ಉತ್ತರದ ‘ಒ’

ಎರಡನೇ ಮಹಾಯುದ್ಧದ ದಿನಗಳಲ್ಲಿ ಸೋವಿಯತ್ ರೇಡಿಯೋದ ಯುದ್ಧವಾರ್ತೆ ಎಂದರೆ ಯೂರಿ ಲೆವಿತಾನ್ ದನಿ. ಆ ದನಿಯ ಒಡೆಯ ಹುಟ್ಟಿದ್ದು 1914ರಲ್ಲಿ, ಮಾಸ್ಕೋದ ಪೂರ್ವಕ್ಕಿರುವ ವ್ಲಾದಿಮಿರ್ ಪಟ್ಟಣದಲ್ಲಿ. ನಟನಾಗಬೇಕೆಂದು ಹದಿಹರೆಯದಲ್ಲಿ ರಾಜಧಾನಿಗೆ ಬಂದಾಗ ಅವರ ಮಾತು ಅಲ್ಲಿನವರ ಕಿವಿಗೆ ಹಳ್ಳಿಯದಾಗಿ ಕೇಳಿಸಿತು. ಕಾರಣ ಒಂದೇ ಒಂದು ಸ್ವರ. ವ್ಲಾದಿಮಿರ್ ಸೀಮೆಯವರು ‘ಒ’ ಇರುವಲ್ಲೆಲ್ಲ ‘ಒ’ ಎಂದೇ ನುಡಿಯುತ್ತಾರೆ. ಮಾಸ್ಕೋದವರು ಹಾಗೆ ನುಡಿಯುವುದಿಲ್ಲ. ಲೆವಿತಾನ್ ಆ ‘ಒ’ವನ್ನು ಹಟ ಹಿಡಿದು ಬಾಯಿಂದ ಅಳಿಸಿಕೊಂಡರು. ಬಳಿಕ ಅವರ ಉಚ್ಚಾರಣೆಯೇ ಇಡೀ ದೇಶಕ್ಕೆ ಮಾದರಿಯಾಯಿತು.

ರಷ್ಯನ್ ಪದದಲ್ಲಿ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದು ಬರಹದಲ್ಲಿ ಕಾಣುವುದಿಲ್ಲ. ಪದದಿಂದ ಪದಕ್ಕೆ ಅದು ಜಾಗ ಬದಲಿಸುತ್ತದೆ. ಒತ್ತು ಬೀಳದ ಸ್ವರಗಳ ಪಾಡು ಏನಾಗುತ್ತದೆ ಎಂಬುದೇ ಊರೂರಿಗೆ ಬೇರೆ. ಹಾಲಿಗೆ ಬರೆಯುವುದು ‘ಮೊಲೊಕೊ’. ಒತ್ತು ಕೊನೆಯದರ ಮೇಲೆ. ಉತ್ತರದವರು ಬರೆದಂತೆಯೇ ‘ಮೊಲೊಕೊ’ ಎನ್ನುತ್ತಾರೆ. ಮಾಸ್ಕೋದವರ ಬಾಯಲ್ಲಿ ಅದು ‘ಮಲಕೊ’, ಅದರಲ್ಲೂ ಮೊದಲ ಸ್ವರ ಅರ್ಧ ನುಂಗಿದ್ದು. ಮಾಸ್ಕೋದ ಹೆಸರನ್ನೇ ಉತ್ತರದವರು ‘ಮೊಸ್ಕ್ವಾ’ ಎಂದರೆ ಅಲ್ಲಿಯವರಿಗೆ ಅದು ‘ಮಸ್ಕ್ವಾ’. ‘ಒ’ ಉಳಿಸಿಕೊಳ್ಳುವ ರೂಢಿಗೆ ‘ಒಕಾನ್ಯೆ’ ಎಂದೂ ಅದನ್ನು ‘ಅ’ ಮಾಡುವ ರೂಢಿಗೆ ‘ಅಕಾನ್ಯೆ’ ಎಂದೂ ಹೆಸರು. ರಷ್ಯನ್ ಉಪಭಾಷೆಗಳ ಅಧ್ಯಯನದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಎರಡರ ನಡುವಿನ ಗೆರೆಯನ್ನು ಹುಡುಕಿಕೊಂಡು ಹೋದವರ ಇತಿಹಾಸ.

ಮೊದಲ ದೊಡ್ಡ ಹೆಸರು ಮಿಖಾಯಿಲ್ ಲೊಮೊನೊಸೊವ್ (1711–1765). ಬಿಳಿ ಸಮುದ್ರದ ಕಡೆಯ ಖೊಲ್ಮೊಗೊರಿ ಬಳಿ ಹುಟ್ಟಿದ, ಅಂದರೆ ಅಪ್ಪಟ ‘ಒ’ ಸೀಮೆಯ ಮನುಷ್ಯ. 1757ರಲ್ಲಿ ಅಚ್ಚಾದ ತನ್ನ ರಷ್ಯನ್ ವ್ಯಾಕರಣದಲ್ಲಿ ಆತ ಮಾಸ್ಕೋದ ನುಡಿಗೇ ಮೊದಲ ಪಟ್ಟ ಕಟ್ಟಿದ. ಅದು ರಾಜಧಾನಿಯ ನುಡಿ ಎಂಬುದಷ್ಟೇ ಅಲ್ಲ, ಒತ್ತಿಲ್ಲದ ‘ಒ’ವನ್ನು ‘ಅ’ದಂತೆ ನುಡಿಯುವುದು ಕಿವಿಗೆ ಹೆಚ್ಚು ಹಿತ ಎಂಬುದು ಆತನ ವಾದ. ತನ್ನ ಊರಿನ ದನಿಯನ್ನು ತಾನೇ ಎರಡನೇ ಸ್ಥಾನಕ್ಕೆ ತಳ್ಳಿದ ಈ ತೀರ್ಪಿನಲ್ಲಿ ಎಷ್ಟು ಪಾಲು ಕಿವಿಯದು, ಎಷ್ಟು ಪಾಲು ದರ್ಬಾರಿನದು ಎಂಬ ಗುಮಾನಿ ಬರುವುದು ಸಹಜ. ‘ಗ’ ಅಕ್ಷರದ ಬಗೆಗೂ ಆತನಿಗೆ ಕುತೂಹಲವಿತ್ತು: ಅದನ್ನು ಎಲ್ಲಿ ಬಿಗಿಯಾಗಿ, ಎಲ್ಲಿ ಸಡಿಲವಾಗಿ ನುಡಿಯಬೇಕು ಎಂಬ ಗೊಂದಲವನ್ನೇ ವಸ್ತುವಾಗಿಸಿ, ಸಾಲುಸಾಲಿಗೂ ‘ಗ’ ತುಂಬಿದ ವಿನೋದದ ಪದ್ಯವೊಂದನ್ನು ಬರೆದ.

ನೂರು ವರ್ಷ ಬಿಟ್ಟು ಬಂದ ವ್ಲಾದಿಮಿರ್ ದಾಲ್ (1801–1872) ವೃತ್ತಿಯಲ್ಲಿ ವೈದ್ಯ, ಸರ್ಕಾರಿ ಅಧಿಕಾರಿ. ಡೆನ್ಮಾರ್ಕಿನಿಂದ ಬಂದ ತಂದೆಯ ಮಗ. 1863ರಿಂದ 1866ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಆತನ ನಿಘಂಟು ಜಗತ್ಪ್ರಸಿದ್ಧ. ಅದಕ್ಕೂ ಮೊದಲು, 1852ರಲ್ಲಿ, ರಷ್ಯನ್ ಉಪಭಾಷೆಗಳ ಬಗ್ಗೆ ಆತ ಬರೆದ ಪ್ರಬಂಧವನ್ನು ಓದುವವರು ಕಡಿಮೆ. ಆತನ ಕಿವಿಯ ಬಗ್ಗೆ ಕತೆಯೊಂದಿದೆ. ಮಠದ ಹೆಸರಿನಲ್ಲಿ ಕಾಣಿಕೆ ಎತ್ತುತ್ತಿದ್ದ ಸನ್ಯಾಸಿಯೊಬ್ಬ ತಾನು ವೊಲೊಗ್ದಾ ಕಡೆಯವನು ಎಂದನಂತೆ. ಆತ ಬಳಸಿದ ಒಂದೇ ಒಂದು ಪದರೂಪ ದಾಲ್ ಕಿವಿಗೆ ಬಿತ್ತು. ‘ನೀವು ಯಾರೊಸ್ಲಾವ್ಲ್ ಕಡೆಯವರಲ್ಲವೇ?’ ಎಂದು ಕೇಳಿದ್ದೇ ತಡ, ಸನ್ಯಾಸಿ ವೇಷದವನು ಕಾಲಿಗೆ ಬಿದ್ದ. ಪತ್ತೇದಾರಿ ಕತೆಯಾಗಿ ಇದು ಸೊಗಸು. ವಿಜ್ಞಾನ ಮಾತ್ರ ಒಬ್ಬನ ಕಿವಿಯನ್ನು ನಂಬಿ ನಡೆಯಲಾರದು. ಒಂದೇ ಪ್ರಶ್ನೆಯನ್ನು ಸಾವಿರ ಊರುಗಳಲ್ಲಿ ಕೇಳಬೇಕು.

ಆ ಕೆಲಸಕ್ಕೆ ಕೈಹಾಕಿದ್ದು 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಮಾಸ್ಕೋ ಉಪಭಾಷಾ ಆಯೋಗ. ದ್ಮಿತ್ರಿ ಉಷಾಕೊವ್, ನಿಕೊಲಾಯ್ ದುರ್ನೊವೊ, ನಿಕೊಲಾಯ್ ಸೊಕೊಲೊವ್ ಮೂವರೂ ಸೇರಿ 1915ರಲ್ಲಿ ಯುರೋಪಿನ ಭಾಗದ ರಷ್ಯನ್‌ಗೆ ಮೊದಲ ಉಪಭಾಷಾ ನಕ್ಷೆ ಪ್ರಕಟಿಸಿದರು. ಚಕ್ರಾಧಿಪತ್ಯದ ಕಾಲದ ಕಣ್ಣು ಅದು: ಉಕ್ರೇನಿಯನ್, ಬೆಲರೂಸಿಯನ್ ಭಾಷೆಗಳೂ ಅದರಲ್ಲಿ ರಷ್ಯನ್ನಿನ ‘ಉಪಭಾಷೆ’ಗಳಾಗಿಯೇ ಕುಳಿತಿವೆ. ಆದರೂ ಅಂದು ಎಳೆದ ಮುಖ್ಯ ಗೆರೆಗಳು ಇಂದಿಗೂ ಹೆಚ್ಚು ಕದಲಿಲ್ಲ.

ಗೆರೆಗಳು ಹೀಗೆ. ಉತ್ತರದಲ್ಲಿ, ಅಂದರೆ ಅರ್ಖಾಂಗೆಲ್ಸ್ಕ್, ವೊಲೊಗ್ದಾ, ಕೊಸ್ತ್ರೊಮಾ ಕಡೆ, ‘ಒ’ ಉಳಿಯುತ್ತದೆ, ‘ಗ’ ಬಿಗಿಯಾಗಿರುತ್ತದೆ, ಹಲವೆಡೆ ‘ಚ’ ಮತ್ತು ‘ತ್ಸ’ ಒಂದಾಗಿಬಿಟ್ಟಿವೆ. ದಕ್ಷಿಣದಲ್ಲಿ, ಕುರ್ಸ್ಕ್, ಒರ್ಯೊಲ್, ರ್ಯಾಜಾನ್ ಕಡೆ, ‘ಒ’ ಹೋಗಿ ‘ಅ’ ಬರುತ್ತದೆ. ಕ್ರಿಯಾಪದದ ಕೊನೆಯ ‘ತ’ ಮೆದುವಾಗುತ್ತದೆ, ಅಂದರೆ ‘ಯ’ ಸೋಂಕಿದಂತೆ ಕೇಳುತ್ತದೆ. ‘ಗ’ ಗಂಟಲ ಬಳಿ ಉಜ್ಜಿಕೊಂಡು ಬರುತ್ತದೆ, ಉರ್ದು ಬಲ್ಲ ಗಾಯಕರು ‘ಗಜಲ್’ ಪದದ ಮೊದಲಕ್ಷರ ನುಡಿಯುವ ಹಾಗೆ. ನಡುವೆ ಒಂದು ಬೆರಕೆಯ ಪಟ್ಟಿ. 15ನೇ ಶತಮಾನದಲ್ಲಿ ಬೀದರ್ ಕಂಡು ಬರೆದ ವರ್ತಕ ಅಫನಾಸಿ ನಿಕಿತಿನ್ ಹೊರಟದ್ದು ಈ ಪಟ್ಟಿಯಲ್ಲಿರುವ ತ್ವೇರ್ ಪಟ್ಟಣದಿಂದ. ಆದರೆ ಆತನ ಕಥನ ನಮಗೆ ಸಿಕ್ಕಿರುವುದು ನಕಲುಗಾರರ ಕೈಯಿಂದ, ಹಾಗಾಗಿ ಅದರ ಕಾಗುಣಿತದಲ್ಲಿ ಕೇಳುವುದು ಅವರ ರೂಢಿಯೂ ಹೌದು.

ಮಾಸ್ಕೋ ಇರುವುದೂ ಈ ಬೆರಕೆ ಪಟ್ಟಿಯಲ್ಲೇ. ‘ಶುದ್ಧ’ ಎನಿಸಿಕೊಂಡ ರಷ್ಯನ್ ಉಚ್ಚಾರಣೆಯ ಸ್ವರಗಳು ದಕ್ಷಿಣದವು, ವ್ಯಂಜನಗಳು ಉತ್ತರದವು. ಅಕಾನ್ಯೆ ಬರಹದಲ್ಲಿ ಸ್ಪಷ್ಟವಾಗಿ ತಲೆಹಾಕುವುದು 14ನೇ ಶತಮಾನದಲ್ಲಿ: 1339ರ ಸುಮಾರಿಗೆ ಮಾಸ್ಕೋದಲ್ಲಿ ಬರೆದ ಸುವಾರ್ತೆಯ ಹಸ್ತಪ್ರತಿಯೊಂದರ ಕೊನೆಯ ಟಿಪ್ಪಣಿಯಲ್ಲಿ ಲಿಪಿಕಾರ ‘ಒ’ ಬರೆಯಬೇಕಾದಲ್ಲಿ ‘ಅ’ ಬರೆದುಬಿಟ್ಟಿದ್ದಾನೆ. ಭಾಷಾ ಇತಿಹಾಸಕಾರರಿಗೆ ಇಂಥ ಕೈತಪ್ಪುಗಳೇ ಚಿನ್ನ. ಕಲಿತವನು ಕಾಗುಣಿತ ತಪ್ಪಿದಾಗಲೇ ಅವನ ಕಾಲದ ಬಾಯಿ ಹೊರಗೆ ಕಾಣುವುದು.

ದಕ್ಷಿಣದ ಸ್ವರಗಳ ಲೆಕ್ಕಾಚಾರ ಇನ್ನೂ ಚೋದ್ಯದ್ದು. ಮಾಸ್ಕೋದಲ್ಲಿ ನೀರು ಯಾವಾಗಲೂ ‘ವದಾ’. ಜೀಜ್ದ್ರಾ ಎಂಬ ಊರಿನ ಹೆಸರು ಹೊತ್ತ ಉಪಭಾಷಾ ಬಗೆಯಲ್ಲಿ ಮಾತ್ರ ಮುಂದಿನ ಸ್ವರ ನೋಡಿಕೊಂಡು ಹಿಂದಿನದು ಬದಲಾಗುತ್ತದೆ: ಒತ್ತಿನ ಸ್ವರ ‘ಆ’ ಆಗಿದ್ದರೆ ಅದರ ಹಿಂದಿನದು ಕುಗ್ಗಿ ‘ವ್‌ದಾ’ ಎಂಬಷ್ಟಾಗುತ್ತದೆ; ಒತ್ತಿನದು ಬೇರೆ ಸ್ವರವಾದರೆ ಹಿಂದಿನದು ಬಾಯಿ ತೆರೆದು ‘ವದೂ’, ‘ವದೀ’ ಆಗುತ್ತದೆ. ಅಕ್ಕಪಕ್ಕದ ಎರಡು ಅಗಲ ಸ್ವರಗಳು ಒಂದನ್ನೊಂದು ಸಹಿಸವು. ಮೆದು ವ್ಯಂಜನದ ನಂತರವೂ ಇಂಥದೇ ಆಟ. ಸೋದರಿಗೆ ಮಾಸ್ಕೋ ‘ಸಿಸ್ತ್ರಾ’ ಎಂದರೆ ದಕ್ಷಿಣದ ಹಲವೆಡೆ ‘ಸ್ಯಸ್ತ್ರಾ’. ಇದಕ್ಕೆ ‘ಯಕಾನ್ಯೆ’ ಎನ್ನುತ್ತಾರೆ. ಅದರ ಒಳಬಗೆಗಳಿಗೆ ಒಬೊಯಾನ್, ಸುದ್ಜಾ, ಶ್ಚಿಗ್ರಿ, ಜದೊನ್ಸ್ಕ್ ಎಂದು ಚಿಕ್ಕಪುಟ್ಟ ಪಟ್ಟಣಗಳ ಹೆಸರುಗಳೇ. ಭೂಪಟದಲ್ಲಿ ಹುಡುಕಬೇಕಾದ ಈ ಊರುಗಳು ಧ್ವನಿಶಾಸ್ತ್ರದ ಪುಸ್ತಕಗಳಲ್ಲಿ ರಾಜಧಾನಿಗಳು.

ನಕ್ಷೆಯ ಕೆಲಸ ಒಂದು ಕಡೆ ನಡೆದರೆ, ಒಂದೊಂದೇ ಹಳ್ಳಿಯಲ್ಲಿ ಆಳವಾಗಿ ಅಗೆಯುವ ಕೆಲಸ ಇನ್ನೊಂದು ಕಡೆ ನಡೆಯಿತು. ನಾರ್ವೆಯ ಓಲಾಫ್ ಬ್ರೋಕ್ 1907ರಲ್ಲಿ ವೊಲೊಗ್ದಾ ಕಡೆಯ ತೊತ್ಮಾ ಸೀಮೆಯ ನುಡಿಯನ್ನು ಸೂಕ್ಷ್ಮವಾಗಿ ವರ್ಣಿಸಿದರು. ಅಲೆಕ್ಸೇಯ್ ಶಾಖ್ಮತೊವ್ (1864–1920) ಆಗಿನ ರ್ಯಾಜಾನ್ ಪ್ರಾಂತದ ಲೇಕಾ ಎಂಬ ಹಳ್ಳಿಯ ಮಾತನ್ನು 1913ರಲ್ಲಿ ವಿವರವಾಗಿ ದಾಖಲಿಸಿದರು. ಅಲ್ಲಿ ಒಂದಲ್ಲ, ಎರಡು ‘ಒ’ಗಳಿದ್ದವು! ಪಟ್ಟಣ ಎಂಬ ‘ಗೋರೊದ್’ ಪದದ ‘ಒ’ ಬಾಯಿ ತೆರೆದದ್ದು. ಹಸು ಎಂಬ ‘ಕೊರೋವಾ’ ಪದದ ಒತ್ತಿನ ‘ಒ’ ತುಟಿ ಬಿಗಿದ, ‘ಉಒ’ ಎಂಬಂಥದ್ದು. ರಷ್ಯನ್ ಸಾಹಿತ್ಯಭಾಷೆಯಲ್ಲಿ ಈ ಭೇದದ ಸುಳಿವೇ ಇಲ್ಲ. ಇದೇನು ಹಳ್ಳಿಯವರ ತಿರುಚೋ, ಏನಾದರೂ ಹಳೆಯದೋ?

ಉತ್ತರ ಬಂದದ್ದು ಹಸ್ತಪ್ರತಿಗಳಿಂದ. 16–17ನೇ ಶತಮಾನದ ಕೆಲವು ಪ್ರತಿಗಳಲ್ಲಿ ಕೆಲವು ‘ಒ’ಗಳ ತಲೆಯ ಮೇಲೆ ಮಾತ್ರ ‘ಕಾಮೊರಾ’ ಎಂಬ ಕಮಾನಿನ ಗುರುತು ಇರುತ್ತದೆ. ಅಲಂಕಾರವೆಂದು ಸುಲಭವಾಗಿ ದಾಟಿಹೋಗಬಹುದಾದ ಗುರುತು. ಲಿಯೊನಿದ್ ವಸೀಲ್ಯೆವ್ ಆ ಗುರುತುಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಅವರು ತೀರಿಹೋದ ಮೇಲೆ 1929ರಲ್ಲಿ ಆ ಅಧ್ಯಯನ ಅಚ್ಚಾಯಿತು. ಕಾಮೊರಾ ಕೂತಿದ್ದ ‘ಒ’ಗಳು, ಹಳ್ಳಿಯವರು ತುಟಿ ಬಿಗಿದು ನುಡಿಯುವ ‘ಒ’ಗಳು ಎರಡೂ ಒಂದೇ. ಓದುಬರಹವಿಲ್ಲದ ಒಕ್ಕಲಿನ ಬಾಯಿ ಮುನ್ನೂರು ವರ್ಷದ ಹಿಂದಿನ ಲಿಪಿಕಾರನ ಮಾತಿಗೆ ಸಾಕ್ಷಿ ಹೇಳಿತು. ಈ ಕ್ಷೇತ್ರದ ನೂರು ವರ್ಷಗಳಲ್ಲಿ ಇದಕ್ಕಿಂತ ಚೆಂದದ ಸಂಶೋಧನೆ ಇನ್ನೊಂದೇ ಇದೆ. ಅದು ಮುಂದೆ ಬರುತ್ತದೆ.

ಕ್ರಾಂತಿಯ ನಂತರ ಹಳ್ಳಿಗಳೇ ಬದಲಾಗತೊಡಗಿದವು. ನಿಕೊಲಾಯ್ ಕರಿನ್ಸ್ಕಿ 1936ರಲ್ಲಿ ಮಾಸ್ಕೋ ಸೀಮೆಯ ವನೀಲೊವೊ ಹಳ್ಳಿಯ ಬಗ್ಗೆ ಬರೆದ ಪುಸ್ತಕ ಒಂದು ಹಳ್ಳಿಗೆ ಒಂದೇ ಉಚ್ಚಾರಣೆ ಎಂಬ ನಂಬಿಕೆಯನ್ನು ಮುರಿಯಿತು. ಕಾರ್ಖಾನೆಗೆ ಹೋಗುವವರು, ಹೊಲದಲ್ಲೇ ಉಳಿದವರು, ಮುದುಕರು, ಎಳೆಯರು ಎಲ್ಲರ ನುಡಿಯೂ ಬೇರೆಬೇರೆ. ಜಾಗದ ಜೊತೆಗೆ ಕಸುಬು, ವಯಸ್ಸುಗಳನ್ನೂ ಎಣಿಸಿದ ಈ ದಾರಿಯನ್ನು ಮುಂದಿನವರು ಬಹುಕಾಲ ಮರೆತೇಬಿಟ್ಟರು.

ಮರೆಯಲು ರಾಜಕೀಯದ ಗದ್ದಲವೂ ಸೇರಿಕೊಂಡಿತು. 1950ರಲ್ಲಿ ಸ್ಟಾಲಿನ್ ತಾವೇ ಭಾಷಾಶಾಸ್ತ್ರದ ಚರ್ಚೆಗೆ ಇಳಿದರು. ಅದುವರೆಗೆ ಮೆರೆದಿದ್ದ ನಿಕೊಲಾಯ್ ಮಾರ್ ಅವರ ವಿಚಿತ್ರ ಸಿದ್ಧಾಂತ ಒಂದೇ ಏಟಿಗೆ ಉರುಳಿತು, ಅಷ್ಟು ಒಳ್ಳೆಯದೇ ಆಯಿತು. ಆದರೆ ಹಾಗೆಯೇ ಮಾತಿನ ನಡುವೆ ಅವರು, ರಷ್ಯನ್ ರಾಷ್ಟ್ರಭಾಷೆಗೆ ಬುನಾದಿಯಾದದ್ದು ಕುರ್ಸ್ಕ್–ಒರ್ಯೊಲ್ ಉಪಭಾಷೆ ಎಂದೂ ಬರೆದುಬಿಟ್ಟರು. ಉಪಭಾಷಾ ತಜ್ಞರಿಗೆ ಪೀಕಲಾಟ. ಕುರ್ಸ್ಕ್‌ನಲ್ಲಿ ‘ಗ’ ಉಜ್ಜುತ್ತದೆ, ಕ್ರಿಯಾಪದದ ‘ತ’ ಮೆದು; ಸಾಹಿತ್ಯಭಾಷೆಯಲ್ಲಿ ಎರಡೂ ಇಲ್ಲ. ನಾಯಕನ ಮಾತು ತಪ್ಪೆನ್ನುವ ಹಾಗಿಲ್ಲ, ಸರಿಯೆನ್ನಲು ದತ್ತಾಂಶ ಬಿಡುವುದಿಲ್ಲ. ಒಂದೆರಡು ವರ್ಷ ಆ ವಾಕ್ಯದ ಸುತ್ತ ಲೇಖನಗಳು ಹೆಣೆದುಕೊಂಡವು. 1953ರಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಕುರ್ಸ್ಕ್–ಒರ್ಯೊಲ್ ಸದ್ದಿಲ್ಲದೆ ತನ್ನ ಹಳೆಯ ಜಾಗಕ್ಕೆ ಮರಳಿತು.

ಈ ಹೊತ್ತಿಗಾಗಲೇ ರುಬೆನ್ ಅವನೇಸೊವ್ (1902–1982) ಮುಂದಾಳುತನದಲ್ಲಿ ರಷ್ಯನ್ ಉಪಭಾಷೆಗಳ ಮಹಾ ಅಟ್ಲಾಸಿನ ಕೆಲಸ ಸಾಗಿತ್ತು. ಅವನೇಸೊವ್ ಹುಟ್ಟಿದ್ದು ಕಾಕಸಸ್ ಬೆಟ್ಟಗಳ ಶುಶಾದಲ್ಲಿ, ಅರ್ಮೇನಿಯನ್ ಮನೆತನದಲ್ಲಿ. ಶಿಷ್ಟ ರಷ್ಯನ್ ಉಚ್ಚಾರಣೆಯ ಪ್ರಮಾಣಗ್ರಂಥವನ್ನು 1950ರಲ್ಲಿ ಬರೆದವರೂ ಅವರೇ. ಯುದ್ಧ ಮುಗಿದ ಬೆನ್ನಿಗೇ ಸಿದ್ಧವಾದ ಸುಮಾರು ಮುನ್ನೂರು ಪ್ರಶ್ನೆಗಳ ಪಟ್ಟಿ ಹಿಡಿದು ಅಧ್ಯಾಪಕರು, ವಿದ್ಯಾರ್ಥಿಗಳು ಬೇಸಿಗೆ ರಜೆಗಳಲ್ಲಿ ಹಳ್ಳಿಹಳ್ಳಿ ಸುತ್ತಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಊರುಗಳು. ಧ್ವನಿಗಳಿಗೆ ಮೀಸಲಾದ ಮೊದಲ ಸಂಚಿಕೆ ಹೊರಬಂದಾಗ ಇಸವಿ 1986: ಅವನೇಸೊವ್ ಇರಲಿಲ್ಲ, ಮಾತಾಡಿದ ಮುದುಕರಲ್ಲಿ ಬಹುಪಾಲು ಜನರೂ ಇರಲಿಲ್ಲ. ಯುರೋಪಿನ ಭಾಗದ ನಡುಸೀಮೆಯನ್ನು ಬಿಟ್ಟರೆ ಸೈಬೀರಿಯಾ ಮುಂತಾದವು ಅದರಲ್ಲಿಲ್ಲ. ವಲಸಿಗರು ಹೊತ್ತೊಯ್ದ ನುಡಿಗಳು ಅಲ್ಲಿ ಕಲಸಿಹೋಗಿವೆ ಎಂಬುದು ಕಾರಣ.

ಕಾಮೊರಾಕ್ಕಿಂತ ಚೆಂದದ ಇನ್ನೊಂದು ಸಂಶೋಧನೆ ಎಂದು ಹಿಂದೆ ಹೇಳಿದ್ದು ನವ್ಗೊರೊದ್ ಪಟ್ಟಣದ ಕತೆ. 1951ರ ಜುಲೈ 26ರಂದು ಅಲ್ಲಿನ ಉತ್ಖನನದಲ್ಲಿ ಭೂರ್ಜ ಮರದ ತೊಗಟೆಯ ಮೇಲೆ ಗೀಚಿದ ಮೊದಲ ಪತ್ರ ಸಿಕ್ಕಿತು. ಈಗ ಅವು ಸಾವಿರ ದಾಟಿವೆ: ಸಾಲದ ಲೆಕ್ಕ, ಗಂಡಹೆಂಡಿರ ಓಲೆ, ಮಗುವಿನ ಅಕ್ಷರಾಭ್ಯಾಸ. 11ನೇ ಶತಮಾನದ 247ನೇ ಪತ್ರದಲ್ಲಿ ಬೀಗ, ಬಾಗಿಲುಗಳ ಮಾತಿದೆ. ಅವುಗಳ ಪಕ್ಕ ‘ಕೆಲೆ’ ಎಂಬ ಪದ. ಮೊದಲು ಓದಿದವರು ಅದನ್ನು ಸನ್ಯಾಸಿಯ ಕೋಣೆ ಎಂದುಕೊಂಡರು. ಭಾಷಾಶಾಸ್ತ್ರಜ್ಞ ಅಂದ್ರೇಯ್ ಜಲಿಜ್ನ್ಯಾಕ್ (1935–2017) ಬೇರೆ ಓದು ಕೊಟ್ಟರು: ಬೀಗ ‘ಇಡಿಯಾಗಿದೆ’, ಬಾಗಿಲೂ ‘ಇಡಿಯಾಗಿದೆ’. ಇಡಿ ಎಂಬುದಕ್ಕೆ ರಷ್ಯನ್ನಿನಲ್ಲಿ ‘ತ್ಸೆ’ಯಿಂದ ಶುರುವಾಗುವ ಪದವಿದೆ. ‘ಎ’, ‘ಇ’ಗಳ ಮುಂದೆ ‘ಕ’ ಹೋಗಿ ‘ತ್ಸ’ ಆಗುವ ಬದಲಾವಣೆ ಸ್ಲಾವ್ ಭಾಷೆಗಳಲ್ಲೆಲ್ಲ ನಡೆದಿದೆ ಎಂಬುದು ಪಠ್ಯಪುಸ್ತಕದ ಸತ್ಯವಾಗಿತ್ತು. ನವ್ಗೊರೊದ್‌ನಲ್ಲಿ ಅದು ನಡೆದೇ ಇರಲಿಲ್ಲ!

ಸ್ವಾರಸ್ಯ ಇಲ್ಲಿಗೆ ಮುಗಿಯುವುದಿಲ್ಲ. ಪಕ್ಕದ ಪ್ಸ್ಕೋವ್‌ನಲ್ಲಿ ಸೋಫಿಯಾ ಗ್ಲುಸ್ಕಿನಾ ಎಂಬ ಉಪಭಾಷಾ ತಜ್ಞೆ ತೊಗಟೆ ಪತ್ರಗಳ ನೆರವಿಲ್ಲದೆಯೇ ಇದೇ ತೀರ್ಮಾನಕ್ಕೆ ಬಂದಿದ್ದರು. ಆ ಸೀಮೆಯ ರೈತರು ತೆನೆ ಬಡಿಯುವ ಕೋಲಿಗೆ ‘ತ್ಸೆಪ್’ ಅನ್ನದೆ ‘ಕೆಪ್’ ಎನ್ನುತ್ತಿದ್ದರು, ಸೋಸುವುದಕ್ಕೆ ‘ತ್ಸೆದಿತ್’ ಅನ್ನದೆ ‘ಕೆದಿತ್’. ಬೇರೆಯವರು ಹಳ್ಳಿಗರ ನಾಲಿಗೆ ತಪ್ಪೆಂದು ಬದಿಗಿಟ್ಟ ಈ ಪದಗಳಲ್ಲಿ ಆಕೆ ಸಾವಿರ ವರ್ಷದ ಉಳಿಕೆಯನ್ನು ಕಂಡರು. 1968ರಲ್ಲಿ ಅದನ್ನು ಪ್ರಕಟಿಸಿದಾಗ ಹೆಚ್ಚು ಜನ ಗಮನಿಸಲಿಲ್ಲ. ಜಲಿಜ್ನ್ಯಾಕ್ ಮುಂದೆ ಆಕೆಯ ಹೆಸರನ್ನು ಗೌರವದಿಂದ ನೆನೆದರು. ಗಾದಿಯ ಮೇಲಿನ ಸಿದ್ಧಾಂತಕ್ಕಿಂತ ಕಣದಲ್ಲಿ ತೆನೆ ಬಡಿಯುವವನ ಮಾತಿಗೆ ಹೆಚ್ಚು ಕಿವಿಗೊಟ್ಟವರು ಈ ಕ್ಷೇತ್ರದಲ್ಲಿ ಗೆದ್ದದ್ದು ಇದು ಮೊದಲ ಸಲವೇನೂ ಅಲ್ಲ.

ನಗರದ ‘ಶುದ್ಧ’ ಉಚ್ಚಾರಣೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬ ಅರಿವು ತಡವಾಗಿ ಬಂತು. ಇಲ್ಲಿ ಜಗಳ ಮಾಸ್ಕೋ, ಪೀಟರ್ಸ್‌ಬರ್ಗ್ ನಡುವೆ. ಹಳೆಯ ಮಾಸ್ಕೋದವರು ಬ್ರೆಡ್ಡಿನ ಅಂಗಡಿಗೆ ‘ಬುಲಶ್ನಯಾ’ ಎನ್ನುತ್ತಿದ್ದರು, ಬಿಸಿಲ ಝಳಕ್ಕೆ ‘ಝರಾ’ ಬದಲು ‘ಝಿರಾ’, ಮಳೆಗೆ ‘ದೋಶ್ಶ್’. ಅಲ್ಲಿನ ಮಾಲಿ ರಂಗಮಂದಿರದ ನಟರು ಈ ರೂಢಿಯ ಕಾವಲುಗಾರರು. ಪೀಟರ್ಸ್‌ಬರ್ಗ್ ಅಧಿಕಾರಿಗಳ ಊರು. ನಾನಾ ಕಡೆಯಿಂದ ಬಂದವರು ಕಾಗದ ನೋಡಿ ಓದಿದಂತೆ ‘ಬುಲಚ್ನಯಾ’, ‘ಚ್ತೊ’ ಎನ್ನುತ್ತಿದ್ದರು. ಶಾಲೆ, ಓದುಬರಹ ಹರಡಿದಂತೆ ಗೆದ್ದದ್ದು ಬಹುಮಟ್ಟಿಗೆ ಕಾಗದ. ‘ಬುಲಶ್ನಯಾ’ ಈಗ ಅಜ್ಜಂದಿರ ಮಾತು. ಆದರೆ ‘ಏನು’ ಎಂಬ ಪದ ಎಲ್ಲೆಡೆ ಮಾಸ್ಕೋದವರ ‘ಶ್ತೊ’ ಆಗಿಯೇ ನಿಂತಿದೆ; ‘ಖಂಡಿತ’ ಎನ್ನುವುದಕ್ಕೆ ‘ಕನೇಶ್ನ’ವೇ ಸರಿ, ಪೀಟರ್ಸ್‌ಬರ್ಗ್‌ನ ಹಿರಿಯರು ಮಾತ್ರ ‘ಕನೇಚ್ನ’ ಅಂದುಬಿಡುತ್ತಾರೆ. ಭಾಷಾಶಾಸ್ತ್ರಜ್ಞ ಲೆವ್ ಶ್ಚೆರ್ಬಾ (1880–1944) ಮುಂದಿನ ರೂಢಿ ಎರಡು ನಗರಗಳ ಕೂಡಿಕೆಯಾಗಲಿದೆ ಎಂದು ಊಹಿಸಿದ್ದರು; ಆದದ್ದೂ ಹೆಚ್ಚುಕಡಿಮೆ ಹಾಗೆಯೇ, ಹಂಚಿಕೆಯಲ್ಲಿ ನ್ಯಾಯವಿಲ್ಲದಿದ್ದರೂ.

ಈ ಬದಲಾವಣೆಗಳನ್ನು ಅಳೆಯಲು ಹೊರಟವರು ಮಿಖಾಯಿಲ್ ಪಾನೊವ್ (1920–2001). 1960ರ ದಶಕದ ಆರಂಭದಲ್ಲಿ ಅವರ ತಂಡ ಸಾವಿರಾರು ಜನರಿಗೆ ಪ್ರಶ್ನಾವಳಿ ಹಂಚಿ, ನೀವು ಈ ಪದವನ್ನು ಹೇಗೆ ನುಡಿಯುತ್ತೀರಿ ಎಂದು ಕೇಳಿತು. ಈ ವಿಧಾನದ ದೋಷ ಎದ್ದು ಕಾಣುವಂಥದ್ದು: ಜನ ತಾವು ನುಡಿಯುವುದನ್ನಲ್ಲ, ನುಡಿಯುತ್ತೇವೆಂದು ನಂಬಿದ್ದನ್ನು ಬರೆಯುತ್ತಾರೆ. ಆದರೂ ಹುಟ್ಟಿದ ವರ್ಷದ ಪ್ರಕಾರ ಉತ್ತರಗಳನ್ನು ಜೋಡಿಸಿದಾಗ ಬದಲಾವಣೆಯ ದಿಕ್ಕು ಕಂಡಿತು. ಕಾಡುಗಳು ಎಂಬ ‘ಲೆಸಾ’, ನರಿ ಎಂಬ ‘ಲಿಸಾ’ ಪದಗಳನ್ನು ಹಿಂದಿನವರು ಬೇರೆಬೇರೆಯಾಗಿ ನುಡಿಯುತ್ತಿದ್ದರು. ಹೊಸಬರಿಗೆ ಎರಡೂ ‘ಲಿಸಾ’. ಸ್ವರಗಳು ಕರಗುತ್ತ, ಭೇದ ಹೊರುವ ಭಾರ ವ್ಯಂಜನಗಳ ಮೇಲೆ ಬೀಳುತ್ತ ಬಂದಿದೆ ಎಂದು ಕಜಾನ್‌ನಲ್ಲಿ ಪಾಠ ಮಾಡಿದ್ದ ಬೊದುಅನ್ ದ ಕುರ್ತೆನೆ ಬಹಳ ಹಿಂದೆಯೇ ಹೇಳಿದ್ದನ್ನು ಪಾನೊವ್ ಅಂಕಿಗಳಲ್ಲಿ ತೋರಿಸಿದರು. ಅವರ 1990ರ ಪುಸ್ತಕ ಇನ್ನೂ ರಸವತ್ತಾದದ್ದು. 18ನೇ ಶತಮಾನದಿಂದ ಹಿಡಿದು ಕವಿಗಳು, ನಟರು, ವಿದ್ವಾಂಸರು ಒಬ್ಬೊಬ್ಬರು ಹೇಗೆ ಮಾತಾಡುತ್ತಿದ್ದರು ಎಂಬ ‘ಧ್ವನಿ ಭಾವಚಿತ್ರ’ಗಳು ಅದರಲ್ಲಿವೆ, ಸತ್ತವರ ಉಚ್ಚಾರಣೆಯನ್ನು ಅವರ ಪ್ರಾಸಗಳಿಂದ ಹೆಕ್ಕಿ ತೆಗೆಯಲಾಗಿದೆ.

ಅಧಿಕಾರದಲ್ಲಿದ್ದವರು ಶಿಷ್ಟ ರೂಢಿಗೆ ಅಷ್ಟಾಗಿ ತಲೆಬಾಗಲಿಲ್ಲ ಎಂಬುದು ತಮಾಷೆ. ಬ್ರೆಜ್ನೇವ್ ಹುಟ್ಟಿದ್ದು ಈಗಿನ ಉಕ್ರೇನ್‌ನಲ್ಲಿ, ಗೊರ್ಬಚ್ಯೋವ್ ಸ್ತಾವ್ರೊಪೊಲ್ ಸೀಮೆಯಲ್ಲಿ. ಇಬ್ಬರ ‘ಗ’ವೂ ಕೊನೆಯವರೆಗೆ ದಕ್ಷಿಣದ್ದೇ. ಗೊರ್ಬಚ್ಯೋವ್ ‘ಶುರುಮಾಡು’ ಎಂಬ ಪದದ ಒತ್ತನ್ನು ಮೊದಲಕ್ಷರಕ್ಕೆ ಎಳೆದದ್ದನ್ನು ಮಾಸ್ಕೋದವರು ಅಣಕಿಸಿದ್ದೇ ಅಣಕಿಸಿದ್ದು. ಅದೇ ಮಾಸ್ಕೋದವರು ದೇವರ ಹೆಸರನ್ನು ‘ಬೋಖ್’ ಎನ್ನುವಾಗ ತಮ್ಮ ನಾಲಿಗೆಯ ಮೇಲೂ ಉಜ್ಜುವ ‘ಗ’ದ ಚೂರು ಉಳಿದಿದೆ ಎಂಬುದನ್ನು ಮರೆಯುತ್ತಾರೆ, ಚರ್ಚಿನ ಹಳೆಯ ಓದಿನಿಂದ ಬಂದದ್ದು ಅದು.

ಧ್ವನಿಮುದ್ರಣ ಯಂತ್ರ ಅಗ್ಗವಾದ ಮೇಲೆ ಮತ್ತೊಂದು ಅಚ್ಚರಿ. ಎಲೆನಾ ಜೆಮ್ಸ್ಕಾಯಾ ಮತ್ತು ಸಂಗಡಿಗರು 1970ರ ದಶಕದಲ್ಲಿ ತೋರಿಸಿದ್ದು, ಓದಿದವರೂ ಮನೆಯಲ್ಲಿ ‘ಶುದ್ಧ’ವಾಗಿ ಮಾತಾಡುವುದಿಲ್ಲ ಎಂಬುದನ್ನು. ‘ಸಿಚಾಸ್’ ಕುಗ್ಗಿ ‘ಶ್ಶಾಸ್’, ‘ತೀಸಿಚಾ’ ಕುಗ್ಗಿ ‘ತೀಶ್ಶಾ’, ಅಲೆಕ್ಸಾಂದ್ರ್ ಅಲೆಕ್ಸಾಂದ್ರೊವಿಚ್ ಎಂಬ ಘನವಾದ ಹೆಸರು ‘ಸನ್ ಸಾನಿಚ್’. 2007ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಯಂಸೇವಕರ ಕೊರಳಿಗೆ ರೆಕಾರ್ಡರ್ ತೂಗುಹಾಕಿ ಬೆಳಗಿನಿಂದ ರಾತ್ರಿಯವರೆಗಿನ ಮಾತನ್ನೆಲ್ಲ ಹಿಡಿಯತೊಡಗಿದರು. ಯೋಜನೆಯ ಹೆಸರೇ ‘ಮಾತಿನ ಒಂದು ದಿನ’. ನಿಘಂಟುಗಳೂ ಮೆತ್ತಗಾದವು: 2012ರಲ್ಲಿ ಬಂದ ದೊಡ್ಡ ಉಚ್ಚಾರಣಾ ನಿಘಂಟು ಹಲವು ಪದಗಳಿಗೆ ಒಂದೇ ಸರಿಯುತ್ತರ ಕೊಡದೆ, ಇದು ಹಿರಿಯರದು, ಇದು ಕಿರಿಯರದು ಎಂದು ಗುರುತಿಸುತ್ತದೆ.

ಹಾಗಾದರೆ ಉತ್ತರದ ‘ಒ’ ಉಳಿದಿದೆಯೇ? ಪೆರ್ಮ್‌ನಂಥ ಉರಲ್ ನಗರಗಳಲ್ಲಿ ಓದಿದವರ ಮಾತಿನಲ್ಲೂ ಅದರ ಛಾಯೆ ಇದೆ. ಹಳ್ಳಿಗಳ ಲೆಕ್ಕ ತೆಗೆದದ್ದು ಮಾಸ್ಕೋದ ಉನ್ನತ ಅರ್ಥಶಾಸ್ತ್ರ ಶಾಲೆಯ ಭಾಷಾ ಸಂಶೋಧಕರು. ಅರ್ಖಾಂಗೆಲ್ಸ್ಕ್ ಪ್ರಾಂತದ ಉಸ್ತ್ಯಾ ನದಿಯ ಬದಿಯ ಮಿಖಾಲೆವ್ಸ್ಕಾಯಾ ಮತ್ತು ಸುತ್ತಲ ಊರುಗಳಿಗೆ 2013ರಿಂದ ಹಲವು ಬೇಸಿಗೆ ಹೋಗಿ, 1922ರಿಂದ 1996ರ ನಡುವೆ ಹುಟ್ಟಿದ 33 ಜನರ ಮಾತಿನಲ್ಲಿ ಉಪಭಾಷೆಯ ಹನ್ನೊಂದು ಲಕ್ಷಣಗಳನ್ನು ಎಣಿಸಿದರು. ಹಳೆಯ ಅಟ್ಲಾಸಿನಂತೆ ಇಲ್ಲಿ ಊರಿಗೊಂದು ಚುಕ್ಕೆಯಿಲ್ಲ. ಒಬ್ಬೊಬ್ಬರ ಹುಟ್ಟಿದ ವರ್ಷಕ್ಕೆ ಒಂದೊಂದು ಚುಕ್ಕೆ. ಎಲ್ಲ ಲಕ್ಷಣಗಳೂ ಒಟ್ಟಿಗೆ ಸಾಯುತ್ತಿಲ್ಲ ಎಂಬುದು ಫಲಿತಾಂಶ. ಒಂದೊಂದಕ್ಕೂ ಇಳಿಮುಖವಾಗುವ ವರ್ಷ ಬೇರೆ, ಇಳಿಯುವ ವೇಗ ಬೇರೆ. ಹೊರಗಿನವರ ಕಿವಿಗೆ ಎಷ್ಟು ಬೇಗ ಎದ್ದು ಕೇಳುತ್ತದೆ, ಹಳ್ಳಿಯಲ್ಲೇ ಮೊದಲಿನಿಂದ ಎಷ್ಟು ಹೊಯ್ದಾಟವಿತ್ತು, ಸುತ್ತಲಿನ ಸೀಮೆಯ ಮಾತಿನ ಬೆಂಬಲ ಎಷ್ಟಿದೆ ಎಂಬುವು ಅವರು ಎಣಿಕೆಗೆ ತೆಗೆದುಕೊಂಡ ಕಾರಣಗಳು. ಈಗ ಅದೇ ಮಾದರಿಯ ಧ್ವನಿಕೋಶಗಳು ಪ್ಸ್ಕೋವ್ ಸೀಮೆಯ ಒಪೋಚ್ಕಾ, ಸ್ಮೊಲೆನ್ಸ್ಕ್ ಸೀಮೆಯ ಖಿಸ್ಲಾವಿಚಿ, ಬೆಲ್ಗೊರೊದ್ ಸೀಮೆಯ ರೊಗೊವಾತ್ಕಾಗಳಿಂದಲೂ ಬಂದಿವೆ. ದಕ್ಷಿಣದ ಉಜ್ಜುವ ‘ಗ’ ಮತ್ತು ಉತ್ತರದ ‘ಒ’ ಎರಡರ ಇಳಿಕೆಯನ್ನೂ ಒಂದೇ ಅಳತೆಗೋಲಿನಿಂದ ಹೋಲಿಸಿ ನೋಡುವ ಕೆಲಸಕ್ಕೆ ಇವು ಸಾಮಗ್ರಿ.